ವಲ್ಲಿ ಕೆಳಗಿನ ಬೆರಳು

ಇಲ್ರಿ ಮಾಸ್ತರ, ಚಾ ಆಮ್ಯಾಲೆ ನೋಡೂಣು. ಒಳಗ ಅಕ್ಕಾರಿಗೆ ಹೇಳ್ರಿ, ಒಲಿ ಹಚ್ಚೂದು ಬ್ಯಾಡಂತ. ಮೊದಲ ಆ ಬಾಗಲಾ ಒಂದೀಟು ಮುಂದಕ ಮಾಡ್ರಿ... ಪೂರಾ ಹಾಕಬ್ಯಾಡ್ರಿ, ಹಾಡಹಗಲ ಬಾಗಲಾ ಹಾಕಿದ್ರ ಸಂತಿ ಮಂದಿ ನಿಂತು ನೋಡ್ತಾರ. ಅರ್ಧಾ ಸಾಕು. ಹಾಂ, ಅಷ್ಟ.

ಯಾಕ ಹಂಗ ನೋಡ್ತೀರಿ? ವಿಜಾಪುರದಾಗ ಸಿದ್ಧೇಶ್ವರ ಗುಡಿ ಹಿಂದ ಅಡತಿ ಅಂಗಡಿ ಇಟ್ಕೊಂಡು, ಮುಂಜಾನಿ ಕುಂತ್ರ ಸಂಜೀತನಾ ಗಾದಿ ಬಿಟ್ಟು ಏಳದ ಈ ಶಿವಯೋಗೆಪ್ಪ ಬಬಲೇಶ್ವರದ ಸಂತ್ಯಾಗ ಏನು ಕೊಳ್ಳಾಕ ಬಂದಾನ ಅಂತೇನು? ಮನ್ಯಾಗ ಹಂಗ ಹೇಳಿ ಬಂದೇನ್ರಿ. ಕುಸಬಿ ಮಾಲು ನೋಡ್ಕೊಂಡು ಬರ್ತೀನಿ ಅಂದೆ. ನಮ್ಮ ಗೌರಾಬಾಯಿ ನಂಬಿದ್ಲು. ಮಗಳು ನಂಬಿದ್ಲೋ ಇಲ್ಲೋ, ಆಕಿ ಮಾರಿ ನೋಡಿ ಹೇಳಾಕ ಬರೂದಿಲ್ಲ. ಬುತ್ತಿ ಕಟ್ಟಿ ಕೈಯಾಗ ಕೊಟ್ಟು, ‘ಮಾಸ್ತರ ಮನಿ ಸಂತಿ ಹಾದ್ಯಾಗ ಐತೆಲ್ಲಪ್ಪಾ, ನಮಸ್ಕಾರ ಹೇಳು’ ಅಂದ್ಲು. ನಾ ಇಲ್ಲಿಗೆ ಬರೂದು ಆಕಿಗೆ ಗೊತ್ತಿದ್ದಿಲ್ರಿ. ಹಂಗ ಸುಮ್ಮನ ಅಂದಿರಬೇಕು.

ಏನಂದ್ರಿ? ಚಲೋ ಅದಾಳ್ರಿ, ರೇಣವ್ವ ಚಲೋ ಅದಾಳ. ಸ್ವಲ್ಪ ಸೊರಗ್ಯಾಳ. ಮೂರು ವರ್ಷ ಒಂದ ಪರೀಕ್ಷಾಕ ಮೂರು ಸಲ ಕುಂತಾಕಿ ದಪ್ಪ ಆಗ್ತಾಳೇನ್ರಿ? ನೀವು ಹೈಸ್ಕೂಲಿನ್ಯಾಗ ಇಂಗ್ಲೀಷ ಕಲಸೂಮುಂದ ಹೆಂಗಿದ್ಲು, ಆ ರೇಣವ್ವನ್ನ ನೆನಪಿನ್ಯಾಗ ಇಟ್ಕೊಂಡು ಈಗ ನೋಡಿದ್ರ ನಿಮಗ ಗುರ್ತಾ ಹತ್ತಲಿಕ್ಕಿಲ್ಲ. ಕಣ್ಣ ಕೆಳಗ ಕರ್ರಗ ಆಗೇತಿ. ಕೂದಲಾ ಉದರಾಕತ್ತಾವ. ಅವರವ್ವ ಎಣ್ಣಿ ಹಚ್ಚಾಕ ಕುಂದ್ರಿಸಿಕೊಂಡ್ರ ತೊಡಿ ಮ್ಯಾಲೆ ಪುಸ್ತಕಾ ಇಟ್ಕೊಂಡ ಕುಂದರ್ತಾಳ.

ಇಲ್ಲಿ ಯಾಕ ಬಂದೆ ಅಂದ್ರ... ತಡೀರಿ, ಅಂಗಿ ಒಳಗಿನ ಬಕ್ಕಣದಾಗ ಐತಿ. ಇದು. ನಿನ್ನಿ ಮಧ್ಯಾಹ್ನ ಟಪಾಲಿನ್ಯಾಂವ ಗಾದಿ ಮ್ಯಾಲೆ ಇಟ್ಟು ಹ್ವಾದ. ತಿಕೀಟಿನ ಮ್ಯಾಲೆ ರಾಣಿ ಮಾರಿ ನೋಡೂದ ತಡಾ ನನಗ ಗೊತ್ತಾತು, ವಿಲಾಯತಿ ಕಾಲೇಜಿಂದು ಅಂತ. ಆಕಿ ಪರೀಕ್ಷಾದ್ದು.

ಹಂಗ್ಯಾಕ ತಿರುವಿ ಮುರುವಿ ನೋಡ್ತೀರಿ, ಒಡದಿಲ್ರಿ ನಾ. ಬಾಯಿ ಇನ್ನೂ ಹಚ್ಚಿದ್ದು ಹಂಗ ಐತಿ.

ಅದು ಖರೇ. ಆಕಿ ಹೆಸರಿನ ಪತ್ರಾ, ಆಕಿ ಕೈಯಾಗ ಕೊಡಬೇಕಾಗಿತ್ತು. ಕೊಡ್ತೀನ್ರಿ, ಕೊಡೂದಿಲ್ಲ ಅಂದೆನೇನು? ಆದ್ರ ನಾ ವ್ಯಾಪಾರಸ್ಥ. ಚೀಲಾ ಬಿಚ್ಚಿ ಕೈಯಾಗ ನಾಕು ಕಾಳು ಹಾಕ್ಕೊಂಡು ನೋಡದ ಯಾರ ಮುಂದೂ ಮಾಲು ಇಡೂದಿಲ್ಲ. ಒಳಗ ಹುಳಾ ಐತೋ ಚಲೋ ಕಾಳು ಐತೋ, ಮೊದಲ ನನಗ ಗೊತ್ತಾಗಬೇಕು. ಇಂಗ್ಲೀಷ ನನಗ ಬರೂದಿಲ್ಲ. ಅಂಕಿ ಅಷ್ಟ ಬರ್ತಾವ, ಅಕ್ಷರಾ ಬರೂದಿಲ್ಲ. ವಿಜಾಪುರದಾಗ ಓದವರು ಸಾಕಷ್ಟು ಮಂದಿ ಅದಾರ. ಓದಿದ ಅರ್ಧಾ ತಾಸಿನ್ಯಾಗ ಪ್ಯಾಟಿ ತುಂಬಾ ಹೇಳ್ಕೊಂಡ ಬರವ್ರೂ ಅವರ. ನೀವು ಹಂಗಲ್ಲ. ನೌಕರಿ ಮುಗಿಸಿ ಇಲ್ಲಿ ಬಂದು ತಣ್ಣಗ ಕುಂತೀರಿ. ಅದಕ ನಿಮ್ಮ ಕಡೆ ಬಂದೆ.

ಓದ್ರಿ. ಒಡದು ಓದ್ರಿ, ನನ್ನ ಜಿಮ್ಮಾ.

ಚಸಮಾ ಒರಸ್ಕೋರಿ, ಅವಸರಿಲ್ಲ... ಬಸ್ಸು ಇನ್ನ ಮೂರು ತಾಸು ಐತಿ.

ನೀವು ಓದೂತನಕಾ ನಾ ಹೇಳ್ತಿರ್ತೀನಿ. ಸುಮ್ಮನ ಕುಂದ್ರಾಕ ನನಗ ಆಗೂದಿಲ್ಲ. ಒಂದು ಮಾತು ಮೊದಲ ಹೇಳಿಬಿಡ್ತೀನ್ರಿ, ನಿಮ್ಮ ಮುಂದ ಏನ ಮುಚ್ಚೂದು. ಈ ಸಲ ಆಕಿ ನಾಪಾಸ ಆಗಿದ್ರ ಚಲೋ. ಹೌದ್ರಿ, ಅಪ್ಪ ಆಗಿ ಆಡಬಾರದ ಮಾತು. ಆದ್ರ ಆಡಾಕತ್ತೇನಿ. ಕನಮಡಿಯಿಂದ ಸೋಮವಾರ ಬೀಗರು ಬರಾಕತ್ತಾರ. ಗುರಲಿಂಗಪ್ಪ ಅಂತ, ನೀವು ಕೇಳಿರಬೇಕು, ನೂರು ಎಕರೆ ಹೊಲಾ, ಎರಡು ಬಾವಿ. ಹುಡುಗ ಮೆಟ್ರಿಕ್ ಆಗ್ಯಾನ. ಶಾಂತ ಅದಾನ. ರೇಣವ್ವ ಹೋದ ದೀಪಾವಳಿಗೆ ತಾನ ಅಂದಾಳ, ‘ಅಪ್ಪಾ, ಇದೊಂದ ಸಲಾ. ಈ ಸಲಾನೂ ಆಗಲಿಲ್ಲಂದ್ರ ನೀ ಎಲ್ಲಿ ಹೇಳ್ತಿ ಅಲ್ಲಿ ಕೊರಳು ಒಡ್ಡತೀನಿ’ ಅಂತ. ಬಾಯಿ ಬಿಟ್ಟು ಅಂದಾಳ. ಅಂದಮ್ಯಾಲೆ ಮಾತು ಮಾತ.

ಯಾಕ ನಕ್ರಿ? ನಗಲಿಲ್ಲ? ಮೀಸಿ ಅಲ್ಲಾಡಿದಂಗ ಆತು.

ನೋಡ್ರಿ ಮಾಸ್ತರ, ಈ ಪರೀಕ್ಷಾದ ಹುಚ್ಚು ಹಿಡಿಸಿದಾವ್ರು ನೀವ. ಸಿಟ್ಟಿಗೇಳಬ್ಯಾಡ್ರಿ, ಖರೇ ಹೇಳಾಕತ್ತೇನಿ. ಪರದೇಶದ ಮಕ್ಕಳಿಗಂತ ಆ ಕಾಲೇಜಿನವ್ರು ವರ್ಷಕ್ಕ ನಾಕೈದು ಮಂದಿಗೆ ಪುಕ್ಕಟೆ ಓದು ಕೊಡ್ತಾರ, ಹೆಣಮಕ್ಕಳಿಗೂ ಕೊಡ್ತಾರ, ಪ್ರವೇಶ ಪರೀಕ್ಷಾದಾಗ ಮ್ಯಾಲೆ ಬರಬೇಕಷ್ಟ ಅಂತ ಪೇಪರಿನ್ಯಾಗಿನ ಕಾಗದಾ ಹರದು ತಂದು ಆಕಿ ಕೈಯಾಗ ಇಟ್ಟವ್ರು ಯಾರು? ಅರ್ಜಿ ಮ್ಯಾಲೆ ‘ಈ ಹುಡಿಗಿ ಶ್ಯಾಣ್ಯಾಕಿ’ ಅಂತ ಬರದು ಸಹಿ ಮಾಡಿದವ್ರು ಯಾರು? ಆಗ ನಾ ಏನೂ ಅನ್ನಲಿಲ್ಲ. ಬರೀಲಿ, ಬರದ್ರ ಏನ ಹೋಗ್ತೈತಿ ಅಂದೆ. ಮಾಲಿಗೆ ದರಾ ಕೇಳಿದ್ರ ಮಾಲು ಮಾರಿದಂಗ ಆಗೂದಿಲ್ಲಲಾ.

ಆಕಿ ಏನು ಓದಬೇಕಂತಾಳ ಗೊತ್ತಲ್ರಿ? ಜ್ವಾಳದ ಕಾಡಿಗಿ. ನಗಬ್ಯಾಡ್ರಿ. ತೆನ್ಯಾಗ ಕಾಳು ಇರೂ ಜಾಗಾದಾಗ ಕರೀ ಬೂದಿ ತುಂಬ್ಕೊಂಡಿರ್ತೈತೆಲ್ಲ, ಆ ರೋಗಾ. ಸಣ್ಣಾಕಿದ್ದಾಗ ಅಂಗಡ್ಯಾಗ ನನ್ನ ಬಾಜೂಕ ಕುಂತು ರಾಶ್ಯಾಗಿಂದ ಕಾಡಿಗಿ ಕಾಳು ಆರಸ್ತಿದ್ಲು. ಬೆರಳೆಲ್ಲಾ ಕರ್ರಗ ಮಾಡ್ಕೊಂಡು, ‘ಅಪ್ಪಾ, ಇದು ಯಾಕ ಹಿಂಗಾಗ್ತೈತಿ?’ ಅಂತ ಕೇಳಾಕಿ. ‘ಆಗ್ತೈತವ್ವಾ’ ಅಂತಿದ್ದೆ. ಮತ್ತೇನ ಹೇಳಲಿ? ನಮ್ಮಪ್ಪ ನನಗೂ ಅಷ್ಟ ಹೇಳಿದ್ದ. ಅದು ಯಾಕ ಆಗ್ತೈತಿ ಅಂತ ತಿಳಕೊಳ್ಳಾಕ ಹಡಗಾ ಹತ್ತಿ ಹೋಗ್ಬೇಕು ಅಂದ್ರ... ಇರಲಿ.

ಆತೇನ್ರಿ ಓದೂದು? ಇನ್ನೊಂದು ಮಗ್ಗಲ ಐತೇನು? ಓದ್ರಿ, ಓದ್ರಿ.

ನಮ್ಮ ಅಂಗಡಿ ಹಿಂದಿನ ಓಣ್ಯಾಗ ದಲಾಲಿ ದಾವಲಸಾಬ ಇದ್ದಾನಲ್ರಿ, ಎತ್ತಿನ ವ್ಯಾಪಾರದಾಂವ, ಅಂವ ಆಕಿಗೆ ಬೆರಳ ಲೆಕ್ಕಾ ಕಲಿಸಿದ್ದ. ನೀವು ಸಂತ್ಯಾಗ ನೋಡಿರ್ತೀರಿ, ಹೆಗಲ ಮ್ಯಾಲಿನ ಅರಿವಿ, ಈ ವಲ್ಲಿ, ತಗದು ಇಬ್ಬರ ಕೈ ಮ್ಯಾಲೆ ಹಾಕಿ, ಒಳಗ ಬೆರಳು ಹಿಡದು ದರಾ ಹೇಳೂದು. ಸುತ್ತ ನಿಂತ ಮಂದಿಗೆ ಏನೂ ತಿಳಿಯೂದಿಲ್ಲ. ಎರಡು ಬೆರಳು ಹಿಡದ್ರ ಎರಡು, ಮೂರು ಹಿಡದ್ರ ಮೂರು. ಬಾಯಿಲೆ ನೂರಾ ಎಂಟು ಸುಳ್ಳು ಹೇಳ್ತೀವ್ರಿ ನಾವು, ಅದು ನಡೀತೈತಿ. ಆದ್ರ ವಲ್ಲಿ ಕೆಳಗ ಹಿಡದ ಬೆರಳಿನ ಮಾತು ತಪ್ಪಿಸಿದಾಂವ ಇಲ್ಲ. ತಪ್ಪಿಸಿದ್ರ ಅವನ ಕೈಯಾಗ ಮತ್ತ ಯಾರೂ ಕೈ ಇಡೂದಿಲ್ಲ. ಅದು ನಮ್ಮ ಕಟ್ಟಳಿ.

ರೇಣವ್ವಗ ಅದು ಆಟಾ. ಸಾಲಿಯಿಂದ ಬಂದು ನನ್ನ ವಲ್ಲಿ ಎಳದು ಕೈ ಮ್ಯಾಲೆ ಹಾಕ್ಕೊಂಡು, ಒಳಗ ನನ್ನ ಬೆರಳು ಹಿಡದು ‘ಇಷ್ಟನೇ ನಂಬರು ಬಂದೇನಿ’ ಅನ್ನಾಕಿ. ಯಾವಾಗ್ಲೂ ಒಂದ ಬೆರಳು. ಅವರವ್ವ ‘ಏನ ಪಿಸಪಿಸ ನಡಿಸೀರಿ ಅಪ್ಪ ಮಗಳು’ ಅಂತ ಬೈತಿದ್ಲು.

ಮಾಸ್ತರ?

ಓದಿ ಆತಂತ ಕಾಣ್ತೈತಿ. ಮಡಚಿ ತೊಡಿ ಮ್ಯಾಲೆ ಇಟ್ಕೊಂಡ್ರೆಲ್ಲ. ಹೇಳ್ರಿ ಮತ್ತ.

ಹೇಳ್ರಿ, ನಾಪಾಸ ಹೌದಲ್ರಿ?

ನಾಪಾಸ ಆದ್ರ ನಾಪಾಸ ಅನ್ನಾಕ ಏನೈತಿ. ನನ್ನ ಎದಿ ಒಡದು ಸಾಯೂದಿಲ್ಲ. ಎಷ್ಟು ವರ್ಷ ಮಾಲು ಬಿದ್ದದ್ದು ಎದ್ದದ್ದು ನೋಡೇನಿ... ತಲಿ ಅಲ್ಲಾಡಿಸಿದ್ರಲ್ಲ, ಹೌದಂತಲೋ ಅಲ್ಲಂತಲೋ? ಅಲ್ಲ? ನಾಪಾಸ ಆಗಿಲ್ಲ?

ಕೊಡ್ರಿ ಇಲ್ಲಿ. ಅಂಕಿ ನನಗ ಓದಾಕ ಬರ್ತಾವ.

ಎಂಬತ್ತೊಂಬತ್ತು. ತೊಂಬತ್ತೊಂದು. ತೊಂಬತ್ತಾರು... ಇವು ಆಕಿ ಮಾರ್ಕೇನ್ರಿ? ನೂರಕ್ಕ ತೊಂಬತ್ತಾರು? ಹುಚ್ಚಿ. ಹುಚ್ಚಿ ಐತಿ ಹುಡಿಗಿ. ಪುಣೆದಾಗ ಪರೀಕ್ಷಾ ಮುಗಿಸಿ ಹೊರಗ ಬಂದಾಗ ‘ಹೆಂಗಾತು’ ಅಂದ್ರ ‘ಆತಪ್ಪಾ’ ಅಂದ್ಲು, ಅಷ್ಟ. ಮೂರೂ ವರ್ಷ ನಾನ ಕರಕೊಂಡು ಹೋಗೇನ್ರಿ. ಸೋಲಾಪುರತನಾ ಒಂದು ಗಾಡಿ, ಅಲ್ಲಿಂದ ಇನ್ನೊಂದು. ಮಠದಾಗ ವಸ್ತಿ. ಆಕಿ ಒಳಗ ಬರೆಯೂತನಾ ನಾ ಹೊರಗ ಗೇಟಿನ ಕಡೆ ಗ್ವಾಡಿಗೆ ಆನಿಕೊಂಡು ಕುಂತಿರ್ತಿದ್ದೆ. ಮೊದಲನೇ ವರ್ಷ ಅಲ್ಲಿ ಕುಂತು ಸಿದ್ಧರಾಮಗ ಬೇಡ್ಕೊಂಡೆ, ಪಾಸ ಮಾಡಪ್ಪಾ ಅಂತ. ಈ ವರ್ಷ ಏನ ಬೇಡ್ಕೋಬೇಕು ಅಂತ ತಿಳಿಲಿಲ್ಲ.

ಇಷ್ಟು ಮಾರ್ಕು ಬಿದ್ದಮ್ಯಾಲೆ ಸೀಟು ಕೊಟ್ಟಿರಬೇಕು. ಕೊಟ್ಟಿದ್ರ ನೀವು ಇಷ್ಟೊತ್ತಿಗೆ ಎದ್ದು ಅಕ್ಕಾರಿಗೆ ಸಕ್ರಿ ತರಾಕ ಹೇಳ್ತಿದ್ರಿ. ನೀವು ಕುಂತಲ್ಲೆ ಕುಂತೀರಿ. ಅಂದ್ರ ಕೊಟ್ಟಿಲ್ಲ. ಮಾರ್ಕು ಐತಿ, ಸೀಟಿಲ್ಲ. ಯಾಕ?

ಎಲ್ಲಿ, ಬೆರಳು ಎಲ್ಲಿ ಇಟ್ರಿ? ಕೆಳಗಿನ ಸಾಲು... ಒಂದು, ಒಂಬತ್ತು, ಆರು, ಸೊನ್ನಿ.

ಸಾವಿರದ ಒಂಬೈನೂರಾ ಅರವತ್ತು.

ಇದು ಅರವತ್ತೆರಡನೇ ಇಸವಿ ಪತ್ರಾ ಅಲ್ರಿ ಮಾಸ್ತರ? ಹಳೇ ವರ್ಷದ ಅಂಕಿ ಇದರಾಗ ಯಾಕ ಬಂತು?

ಹೂಂ.

ಅಂದ್ರ ಅವರು ಬರದ ಇಟ್ಕೊಂಡಾರ. ಅಷ್ಟು ದೂರದ ಮಂದಿ, ನಮ್ಮ ಹುಡಿಗಿ ಮಾರಿನೂ ನೋಡಿದವ್ರಲ್ಲ. ಅವರಿಗೆ ಅದೆಲ್ಲಾ ನೆನಪಿರ್ತೈತಿ ಅಂತ ನನಗೇನ ಗೊತ್ತು.

ಒಂದೀಟು ನೀರು ಕೊಡ್ರಿ.

...

ಹೇಳ್ತೀನಿ. ನೀವು ಕೇಳಲಿಲ್ಲ, ಆದರೂ ಹೇಳ್ತೀನಿ. ಮೊದಲನೇ ವರ್ಷಾನ ಆಕಿ ಪಾಸ ಆಗಿದ್ಲ್ರಿ. ಪಾಸ ಅಂದ್ರ ಬರೇ ಪಾಸಲ್ಲ, ಮೂರನೇ ನಂಬರು. ಸೀಟು ಕೊಟ್ಟಿದ್ರು. ಓದು ಪುಕ್ಕಟೆ, ಇರೂದು ಉಣ್ಣೂದು ಪುಕ್ಕಟೆ. ಹಡಗಿನ ಖರ್ಚು ಅಷ್ಟ ನಮ್ಮದು. ವಯಸ್ಸಿಗೆ ಸಣ್ಣಾಕಿ, ಅದಕ ತಂದಿ ಒಪ್ಪಿಗಿ ಬರದು ಕಳಸ್ರಿ ಅಂತಿತ್ತು. ಆ ಪತ್ರಾ ತಿಕೋಟಾಕ ಒಯ್ದು ಓದಿಸಿದ್ದೆ. ಅಲ್ಲಿ ಅಂಬಾದಾಸ ಅಂತ ಹುಡುಗ ಟೈಪ ಕಲ್ತು ಬಂದು ಮಂದಿಗೆ ಅರ್ಜಿ ಬರಕೊಡತಿದ್ದ. ಈಗ ಮುಂಬೈಯಾಗ ನೌಕರಿಗೆ ಹೋಗ್ಯಾನ, ಬಿಡ್ರಿ. ಅಂವ ಓದಿ, ‘ಸಾವಕಾರ, ಪೇಢೆ ಹಂಚ್ರಿ’ ಅಂದ.

ನಾ ಹಂಚಲಿಲ್ಲ.

ವ್ಯಾಪಾರದಾಗ ಮೊದಲನೇ ದರಾಕ ಯಾರ ಹೂಂ ಅಂತಾರ್ರಿ? ಯಾರೂ ಅನ್ನೂದಿಲ್ಲ. ಗಿರಾಕಿ ತಾನಾಗಿ ಬಂದು ಒಂದು ದರಾ ಹೇಳಿದ ಅಂದ್ರ ಅವನ ಕೈಯಾಗ ಇನ್ನೂ ಜಾಗಾ ಐತಿ ಅಂತ ಅರ್ಥ. ಜಗ್ಗಬೇಕು. ಅಂಬಾದಾಸಗ ಹೇಳಿದೆ, ಬರಿ: ಹಡಗಿನ ಖರ್ಚು ಹೋಗೂದು ಬರೂದು ಎರಡೂ ಅವರದ. ಹುಡಿಗಿ ಸಂಗಾಟ ನಮ್ಮ ಅಕ್ಕ ಕಾಳವ್ವ, ಗಂಡ ತೀರಿಕೊಂಡಾಕಿ, ಆಕಿನೂ ಹೋಗ್ತಾಳ. ಆಕಿ ಖರ್ಚೂ ಅವರದ. ಇಬ್ಬರಿಗೂ ಬ್ಯಾರೆ ಖೋಲಿ, ಬ್ಯಾರೆ ಒಲಿ. ಆ ಒಲಿ ಮ್ಯಾಲೆ ಮಾಂಸ ಮುಟ್ಟಿದ ಪಾತ್ರಿ ಏರಬಾರದು. ಇಲ್ಲಿಂದ ವರ್ಷಕ್ಕ ನಾಕು ಚೀಲಾ ಜ್ವಾಳಾ ಕಳಸ್ತೀವಿ, ಅದನ್ನ ಬೀಸಿಕೊಳ್ಳಾಕ ಬೀಸೂ ಕಲ್ಲು...

ನಗ್ರಿ. ನಕ್ಕಬಿಡ್ರಿ. ಅಂಬಾದಾಸನೂ ನಕ್ಕಿದ್ದ. ‘ಸಾವಕಾರ, ಬೀಸೂ ಕಲ್ಲಿಗೆ ಇಂಗ್ಲೀಷಿನ್ಯಾಗ ಏನಂತಾರೋ ನನಗ ಬರೂದಿಲ್ಲ’ ಅಂದ. ‘ಕಲ್ಲು ಅಂತ ಬರಿ, ತಿಳಕೋತಾರ’ ಅಂದೆ. ಬರದ. ನಾ ಕೆಳಗ ಸಹಿ ಮಾಡಿದೆ.

ಈಗ ನೀವು ನಗವಲ್ರಿ.

ತಿಂಗಳೊಪ್ಪತ್ತಿನ್ಯಾಗ ಉತ್ತರಾ ಬಂತು. ಎರಡ ಸಾಲು. ನಿಮ್ಮ ಷರತ್ತು ನಡಸಾಕ ನಮಗ ಆಗೂದಿಲ್ಲ, ನೀವು ಬ್ಯಾಡಂದೀರಿ ಅಂತ ತಿಳಕೊಂಡು ಮುಂದಿನವರಿಗೆ ಸೀಟು ಕೊಟ್ಟೇವಿ ಅಂತ. ಅಲ್ರಿ, ಹಂಗ ಯಾರ ವ್ಯಾಪಾರ ಮಾಡ್ತಾರ? ಒಂದ ಮಾತಿಗೆ ಎದ್ದು ಹೋಗಿಬಿಡೂದು? ನಾ ಇನ್ನೂ ಇಳೀಬೇಕಂತ ಇದ್ದೆ. ಕಾಳವ್ವನ್ನ ಬಿಡ್ತಿದ್ದೆ, ಬೀಸೂ ಕಲ್ಲು ಬಿಡ್ತಿದ್ದೆ. ಅವರು ಒಂದು ಮಾತು ತಿರಗಿ ಕೇಳಬೇಕಿತ್ತು. ಕೇಳಲಿಲ್ಲ. ನಂದು ತಪ್ಪಾತು, ಹೂಂ. ಆ ದೇಶದ ಪದ್ಧತಿ ನನಗ ಗೊತ್ತಿದ್ದಿಲ್ಲ. ಆತಿಲ್ಲ?

ಆತಿಲ್ಲ ಮಾಸ್ತರ? ತಪ್ಪು ಒಪ್ಕೊಂಡೇನಿ. ಇನ್ನ ಏನರೆ ಒಂದು ಅನ್ರಿ.

ಬೈರಿ ಬೇಕಾದ್ರ.

ನೀವು ಹಿಂಗ ಸುಮ್ಮನ ಕುಂತು ನನ್ನ ಮಾರಿ ನೋಡ್ಕೋತ ಇದ್ರ... ನಮ್ಮಲ್ಲಿ ಹಳೇ ದಲಾಲಿಗಳು ಹಿಂಗ ಕುಂದರ್ತಾರ. ಎದುರಿನಾಂವ ಸುಳ್ಳು ದರಾ ಹೇಳಿದಾಗ ಜಗಳಾ ಮಾಡೂದಿಲ್ಲ, ಅಡಿಕಿ ಅಗಕೋತ ಸುಮ್ಮನ ಕುಂದರ್ತಾರ. ಆಗ ಎದುರಿನಾಂವ ತಾನಾಗಿ ಇಳೀತಾನ.

ಚಲೋ. ಇಳೀತೀನಿ.

ಮಾಲು ಮಾರೂ ಮನಸಿಲ್ಲದಾಗ ನಾವು ಕೊಡೂದಿಲ್ಲ ಅಂತ ಹೇಳೂದಿಲ್ರಿ. ಹಂಗಂದ್ರ ಗಿರಾಕಿ ಮುರೀತಾನ. ಯಾರೂ ತಗೊಳ್ಳಲಾರದ ದರಾ ಹೇಳ್ತೀವಿ. ಅಂವ ತಾನ ಎದ್ದು ಹೋಗ್ತಾನ. ಆಮ್ಯಾಲೆ ‘ಅಯ್ಯ, ಹೋಗಿಬಿಟ್ನಲ್ಲ’ ಅಂತ ನಾವ ಮರಗ್ತೀವಿ. ಮಂದಿ ಮುಂದ ಮರಗ್ತೀವಿ, ನಮ್ಮ ಮುಂದೂ ಮರಗ್ತೀವಿ. ಮರಗಿ ಮರಗಿ ಅದ ಖರೇ ಅನಸ್ತೈತಿ.

ಬೀಸೂ ಕಲ್ಲು ಬರಸೂಮುಂದ ನನಗ ಗೊತ್ತಿತ್ತು. ಇಷ್ಟ ಸಾಕಲ್ರಿ?

ಒಬ್ಬಾಕಿ ಮಗಳು. ಹಡಗಾ ಹತ್ತಿದ್ರ ನಾಕು ವರ್ಷ. ನಾಕು ವರ್ಷದ ಮ್ಯಾಲೆ ಯಾವಾಕಿ ತಿರಗಿ ಬರ್ತಾಳ, ಹೆಂಗ ಬರ್ತಾಳ... ನಮ್ಮ ಪ್ಯಾಟ್ಯಾಗ ಬಾಜೂಕಿನ ಅಂಗಡಿ ಶಂಕ್ರೆಪ್ಪನಂಥಾವ್ರು ಏನೇನ ಅಂತಿದ್ರು ಗೊತ್ತೈತಿ ನಿಮಗ. ಆದ್ರ ಅವರ ಸಲುವಾಗಿ ಅಲ್ಲ. ಅವರ ಸಲುವಾಗಿ ಅಂದ್ರ ಅದೂ ಸುಳ್ಳಾಗ್ತೈತಿ. ಸಂಜೀಕ ಅಂಗಡಿಯಿಂದ ಮನೀಗೆ ಬಂದಾಗ ಆಕಿ ಇರಬೇಕು ಅಂತ ಇತ್ತು. ಅಷ್ಟ. ಬ್ಯಾರೆ ಏನೂ ಇಲ್ಲ.

ಆಕಿಗೆ ಏನ ಹೇಳಿದೆ ಅಂತೀರಾ? ಸೀಟು ಸಿಗಲಿಲ್ಲ, ಮಾರ್ಕು ಕಮ್ಮಿ ಬಿದ್ದಾವ, ಪತ್ರಾ ಬಂದಿತ್ತು, ತಿಕೋಟಾದಾಗ ಓದಿಸಿದೆ, ಎಲ್ಲೋ ಕಳಕೊಂಡೆ ಅಂತ ಹೇಳಿದೆ. ಆಕಿ ಅಳಲಿಲ್ಲ. ಬಂದು ಬಾಜೂಕ ಕುಂತ್ಲು. ಎಷ್ಟೋ ವರ್ಷ ಆಗಿತ್ತು ಆ ಆಟಾ ಬಿಟ್ಟು. ನನ್ನ ಹೆಗಲ ಮ್ಯಾಲಿನ ವಲ್ಲಿ ತಗದು ಕೈ ಮ್ಯಾಲೆ ಹಾಕಿ, ‘ಎಷ್ಟು ಮಾರ್ಕು ಕಮ್ಮಿ ಬಿದ್ದಾವಪ್ಪಾ?’ ಅಂದ್ಲು. ಅವರವ್ವ ಅಲ್ಲೇ ಅಕ್ಕಿ ಹಸನ ಮಾಡಾಕತ್ತಿದ್ಲು, ಆಕಿಗೂ ಕಾಣಲಿಲ್ಲ. ನಾ ಬೆರಳು ಹಿಡದೆ. ಎಷ್ಟು ಅಂತ ಕೇಳಬ್ಯಾಡ್ರಿ, ಅದು ನನಗ ಆಕಿಗೆ ಬಿಟ್ರ ಯಾರಿಗೂ ಗೊತ್ತಿಲ್ಲ. ನನ್ನ ಅರವತ್ತು ವರ್ಷದ ಆಯುಷ್ಯದಾಗ ವಲ್ಲಿ ಕೆಳಗ ನಾ ಹಿಡದ ಸುಳ್ಳು ಬೆರಳು ಅವ ಅಷ್ಟ.

ಆಕಿ ನಂಬಿದ್ಲು. ‘ಅಷ್ಟನಾ? ಹಂಗಾರ ಮತ್ತೊಮ್ಮೆ ಕುಂದರ್ತೀನಿ’ ಅಂದ್ಲು.

ಯಾಕ್ರಿ ಮತ್ತ ಪತ್ರಾದ ಮ್ಯಾಲೆ ಬೆರಳು ಇಟ್ರಿ? ಹೇಳಿದೆನಲ್ಲ ಅರವತ್ತರದು. ಎಲ್ಲಾ ಹೇಳಿದೆ.

ಬಾಜೂಕ ಇನ್ನೊಂದು ಅಂಕಿ... ಅರವತ್ತೊಂದು.

...

ನೀವು ಭಾರಿ ಅದೀರಿ ಮಾಸ್ತರ.

ತಗೋರಿ. ಇದೂ ಅಂಗಿ ಒಳಗ ಐತಿ. ಒಂದು ವರ್ಷದಿಂದ ಗಾದಿ ಕೆಳಗ ಇತ್ತು, ಇವತ್ತ ಬರೂಮುಂದ ಯಾಕೋ ತಗೊಂಡೆ. ಹೋದ ವರ್ಷದ್ದು. ಒಡದಿಲ್ಲ ನೋಡ್ರಿ, ಇದನ್ನೂ ಒಡದಿಲ್ಲ. ಅಂಬಾದಾಸ ಊರು ಬಿಟ್ಟಿದ್ದ. ಬ್ಯಾರೆಯವರ ಕೈಲೆ ಓದಿಸಿದ್ರ, ಪಾಸ ಅಂತ ಇದ್ರ ಮತ್ತ ನಾ ಏನು ಮಾಡಬೇಕಿತ್ತು? ಓದಿಸದ ಇದ್ರ ಆಕಿ ಪಾಸೂ ಅಲ್ಲ ನಾಪಾಸೂ ಅಲ್ಲ. ‘ಈ ಸಲಾನೂ ಆಗಲಿಲ್ಲವ್ವಾ’ ಅಂದೆ. ಅದು ಪೂರಾ ಸುಳ್ಳಲ್ಲ ಅಂತ ನನ್ನ ಮನಸಿಗೆ ಸಮಾಧಾನ. ನನಗ ಗೊತ್ತಿದ್ದಿಲ್ಲಲಾ.

ಒಡೀರಿ. ಈಗ ಒಡದ್ರೇನಾತು.

ಯಾಕ ಅಂಗೈ ಮುಚ್ಚಿದ್ರಿ ಅದರ ಮ್ಯಾಲೆ? ತಗೀರಿ ಕೈ. ತಗೀರಿ ಅಂದೆ... ಮೂವತ್ತು. ಜೂನ್ ತಿಂಗಳಂತ ಇರಬೇಕು, ಆ ಅಕ್ಷರಾ ಕ್ಯಾಲೆಂಡರಿನ್ಯಾಗ ನೋಡೇನಿ. ಅರವತ್ತೊಂದು. ಇದು ಗಡುವಿನ ತಾರೀಖು ಏನ್ರಿ? ತಲಿ ಅಲ್ಲಾಡಿಸ್ರಿ, ಸಾಕು.

ಅಂದ್ರ ಅವರು ಕೇಳಿದ್ರು. ಹೋದ ವರ್ಷ ಅವರು ತಿರಗಿ ಕೇಳಿದ್ರು. ಇನ್ನೂ ಆ ಷರತ್ತ ಹಿಡಕೊಂಡ ಕುಂತೀರೋ, ಬಿಟ್ಟು ಕಳಸ್ತೀರೋ ಅಂತ. ಹೌದಲ್ರಿ? ಮೂವತ್ತರೊಳಗ ಒಂದು ಕಾರ್ಡು ಹಾಕಿದ್ರ ಆಗ್ತಿತ್ತು. ಅದು ಗಾದಿ ಕೆಳಗ ಇತ್ತು. ನಾ ಅದರ ಮ್ಯಾಲೆ ಕುಂತು ಕುಸಬಿ ಕೊಂಡೆ, ಜ್ವಾಳಾ ಮಾರಿದೆ.

ಇನ್ನ ಈ ವರ್ಷ? ಇದರಾಗ ಏನೂ ದಾರಿ ಇಲ್ಲ? ಎರಡು ಸಲ ಬ್ಯಾಡಂದವರಿಗೆ ಮತ್ತ ಇಲ್ಲ, ಅಷ್ಟನಾ? ನಾ ಹೋಗಿ ಕಾಲು ಹಿಡೀತೀನಿ ಅಂದ್ರ ಯಾರ ಕಾಲು, ಎಲ್ಲಿ ಅದಾವ ಆ ಕಾಲು... ನೀವ ಒಂದು ಪತ್ರಾ ಬರೀರಿ. ಅಪ್ಪ ದಡ್ಡ, ಅಂವ ಮಾಡ್ಯಾನ, ಹುಡಿಗೀದು ಏನೂ ತಪ್ಪಿಲ್ಲ ಅಂತ ಬರೀರಿ. ನಾ ಸಹಿ ಮಾಡ್ತೀನಿ. ಈ ಸಲ ಏನ ಬರದ್ರೂ ಸಹಿ ಮಾಡ್ತೀನಿ.

ಬ್ಯಾಡೇನ್ರಿ? ಕೈ ಬಿಟ್ಟೈತಿ?

ಹೂಂ.

ಹಂಗಾರ ಒಂದು ಉಪಕಾರ ಮಾಡ್ರಿ. ಖರೇ ಹೇಳಬೇಕಂದ್ರ ಇದನ್ನ ಕೇಳಾಕ ಬಂದಿದ್ದೆ. ನಾಳಿ ನೀವು ವಿಜಾಪುರಕ್ಕ ಬರ್ರಿ. ಅಂಗಡಿಗೆ ಬಂದಂಗ ಮಾಡಿ ಮನೀಗೆ ಬರ್ರಿ. ‘ರೇಣವ್ವಾ, ಪತ್ರಾ ನಾನ ಓದೇನಿ, ಈ ಸಲಾನೂ ಸ್ವಲ್ಪದಾಗ ಹ್ವಾತು’ ಅಂತ ನಿಮ್ಮ ಬಾಯಿಲೆ ಹೇಳ್ರಿ. ನಿಮ್ಮ ಮಾತು ಆಕಿ ನಂಬ್ತಾಳ. ಸೋಮವಾರ ಕನಮಡಿಯವ್ರು ಬರ್ತಾರ, ಒಂದು ಸಂಸಾರ ಅಂತ ಆಗ್ತೈತಿ, ಎಲ್ಲಾ ಮರೀತಾಳ. ಖರೇ ಹೇಳಿ ಯಾರಿಗೇನು ಸಿಗ್ತೈತಿ ಈಗ? ಸೀಟಂತೂ ಸಿಗೂದಿಲ್ಲ. ಅಪ್ಪ ಒಬ್ಬ ಹೋಗ್ತಾನ ಆಕಿಗೆ, ಅಷ್ಟ. ವಿಚಾರ ಮಾಡ್ರಿ, ನಾ ಹೇಳೂದ್ರಾಗ ಲುಕ್ಸಾನ ಯಾರಿಗೂ ಇಲ್ಲ.

ನೀವು ಹೂಂ ಅನ್ರಿ.

ಮಾಸ್ತರ, ಒಂದು ಮಾತು ನನಗ ತಿಳಿವಲ್ದು. ಇಷ್ಟೊತ್ತು ನಾ ಇಷ್ಟೆಲ್ಲಾ ಹೇಳಿದೆ. ಬೀಸೂ ಕಲ್ಲು ಅಂದೆ, ಕಾಳವ್ವ ಅಂದೆ, ಗಾದಿ ಕೆಳಗಿನ ಪತ್ರಾ ಅಂದೆ. ನೀವು ಒಂದ ಸಲಾನೂ ‘ಹಿಂಗ್ಯಾಕ ಮಾಡಿದ್ಯೋ’ ಅಂತ ಹೌಹಾರಲಿಲ್ಲ. ದರಾ ಕೇಳದ ಕುಂತ ಗಿರಾಕಿ ಅಂದ್ರ ದರಾ ಮೊದಲ ಗೊತ್ತಿದ್ದಾಂವ.

ನಿಮಗ ಮೊದಲ ಗೊತ್ತಿತ್ತೇನು?

ಅರ್ಜಿ ಮ್ಯಾಲೆ ನಿಮ್ಮ ಸಹಿ ಇತ್ತಲ್ಲ... ಅವರು ನಿಮಗೂ ಬರದಿದ್ರೇನು, ಅರವತ್ತರಾಗ? ನಿಮ್ಮ ಶಿಷ್ಯಾಳು ಆರಿಸಿ ಬಂದಾಳ, ಆದ್ರ ಬ್ಯಾಡಂದಾಳ ಅಂತ?

ಮಾರಿ ತಿರುವಬ್ಯಾಡ್ರಿ. ಆಕಿಗೆ ಹೇಳೀರೇನು? ಇಲ್ಲ, ಹೇಳಿರಾಕಿಲ್ಲ. ಗೊತ್ತಿದ್ರ ಎರಡು ವರ್ಷ ಆಕಿ ಯಾಕ ಹಂಗ ಓದ್ತಿದ್ಲು? ಯಾಕ ನನ್ನ ಸಂಗಾಟ ಪುಣೆಕ್ಕ ಬರ್ತಿದ್ಲು, ಗಾಡ್ಯಾಗ ನನ್ನ ತೊಡಿ ಮ್ಯಾಲೆ ತಲಿ ಇಟ್ಟು ಮಲಗ್ತಿದ್ಲು? ಗೊತ್ತಿದ್ದಾಕಿ ಜಗಳಾ ಮಾಡ್ತಾಳ. ಊಟಾ ಬಿಡ್ತಾಳ. ಪತ್ರಾ ನಿಮ್ಮ ವಿಳಾಸಕ್ಕ ತರಸ್ಕೋತಾಳ... ಮೂರೂ ಸಲ ಅಂಗಡಿ ವಿಳಾಸಾನ ಕೊಟ್ಟಾಳ ಆಕಿ. ಶಿವಯೋಗೆಪ್ಪನವರ ಅಡತಿ ಅಂಗಡಿ, ಸಿದ್ಧೇಶ್ವರ ಗುಡಿ ಹಿಂದ. ಈ ಲಕೋಟಿ ಮ್ಯಾಲೂ ಅದ ಐತಿ ನೋಡ್ರಿ.

ಬಾಯಿಲೆ ಹೇಳಾಕ ನಿಮಗ ಆಗವಲ್ದು, ಕೇಳಾಕ ನನಗೂ ಆಗೂದಿಲ್ಲ. ಇಲ್ಲಿ ಕೈ ಕೊಡ್ರಿ. ನನ್ನ ವಲ್ಲಿ ಹಾಕ್ತೀನಿ ಮ್ಯಾಲೆ. ಆಕಿಗೆ ಗೊತ್ತಿದ್ರ ಒಂದು ಬೆರಳು ಹಿಡೀರಿ, ಗೊತ್ತಿಲ್ಲಂದ್ರ ಎರಡು. ಇದರ ಕೆಳಗ ನೀವೂ ಸುಳ್ಳು ಹೇಳಬಾರದು.

ಹೂಂ. ಹಿಡೀರಿ.

ಒಂದು...

ಎರಡು. ಎರಡು, ಅಂದ್ರ ಗೊತ್ತಿಲ್ಲ. ಅಪ್ಪಾ ಸಿದ್ಧರಾಮಾ, ಎದಿ ಒಂದೀಟು ಹಗರ ಆತು...

ಮೂರು? ಮೂರು ಅಂದ್ರೇನ್ರಿ? ಒಂದು ಎರಡು ಅಷ್ಟ ಹೇಳಿದ್ದೆ ನಾ. ತಪ್ಪು ಹಿಡದೀರಿ. ಬಿಡ್ರಿ, ಮತ್ತ ಹಿಡೀರಿ.

ನಾಕು.

ನಾಕು ಬೆರಳು. ಅವತ್ತ ಆಕಿ ಕೈಯಾಗ ನಾ ಹಿಡದಷ್ಟ.

ಮಾಸ್ತರ... ನಾ ನಿಮಗ ಎಷ್ಟು ಅಂತ ಹೇಳಿರಲಿಲ್ಲಲಾ. ಅಂದ್ರ ಆಕಿಗೆ ಗೊತ್ತೈತಿ, ಆಕೀನ ನಿಮಗ ಹೇಳ್ಯಾಳ.

ಕೈ ಬಿಡಬ್ಯಾಡ್ರಿ. ಇನ್ನೊಂದೀಟೊತ್ತು ಹಿಂಗ ಹಿಡಕೊಂಡಿರ್ರಿ. ಬಸ್ಸಿಗೆ ಇನ್ನೂ ಹೊತ್ತೈತಿ.